ಗೋಧಿಯ ದಾರಿ, ಕೊರಲೆಯ ದಾರಿ



ಪ್ರೌಢಶಾಲೆಯ ಇತಿಹಾಸದ ಪುಸ್ತಕದಲ್ಲಿ ನವಶಿಲಾಯುಗಕ್ಕೆ ಮೀಸಲಾಗಿರುತ್ತಿದ್ದುದು ಹೆಚ್ಚೆಂದರೆ ಒಂದೂವರೆ ಪುಟ. ಮಾನವನು ಅಲೆಮಾರಿ ಜೀವನವನ್ನು ತೊರೆದನು, ಬೇಸಾಯವನ್ನು ಕಂಡುಹಿಡಿದನು, ಪ್ರಾಣಿಗಳನ್ನು ಪಳಗಿಸಿದನು, ಒಂದೆಡೆ ನೆಲೆನಿಂತನು ಎಂಬ ಧಾಟಿಯ ನಾಲ್ಕು ವಾಕ್ಯಗಳು. ಪರೀಕ್ಷೆಯಲ್ಲಿ ಎರಡು ಅಂಕದ ಒಂದು ಪ್ರಶ್ನೆ. ಅಲ್ಲಿಗೆ ಪಾಠ ಮುಗಿದು ನಾವು ಸಿಂಧೂ ನಾಗರಿಕತೆಗೆ ಹೊರಟುಬಿಡುತ್ತಿದ್ದೆವು. ಆ ನಾಲ್ಕು ವಾಕ್ಯಗಳು ದಾಟಿಹೋಗುವ ಕಾಲವಾದರೋ ಐದಾರು ಸಾವಿರ ವರ್ಷಗಳದ್ದು. ಅಶೋಕನಿಂದ ಇಂದಿನವರೆಗಿನ ಕಾಲವನ್ನು ಎರಡು ಬಾರಿ ಅದರೊಳಗೆ ಮಡಿಸಿಡಬಹುದು.

ನಿವೃತ್ತಿಯ ನಂತರ ಪರೀಕ್ಷೆಯ ಅವಸರವಿಲ್ಲದೆ ಓದುವ ಭಾಗ್ಯ ನನಗೆ ದೊರೆತಿದೆ. ಈ ಕಾಲವನ್ನು ಕುರಿತು ಕಳೆದ ಎರಡು ಮೂರು ದಶಕಗಳಲ್ಲಿ ನಡೆದಿರುವ ಸಂಶೋಧನೆಯನ್ನು ಓದುತ್ತಾ ಹೋದಂತೆ, ಆ ನಾಲ್ಕು ವಾಕ್ಯಗಳ ಪ್ರತಿಯೊಂದು ಕ್ರಿಯಾಪದವೂ ಮರುಪರಿಶೀಲನೆಗೆ ಅರ್ಹವಾದುದೆಂದು ತೋರಿತು. ‘ತೊರೆದನು’, ‘ಕಂಡುಹಿಡಿದನು’ ಎನ್ನುವಾಗ ಯಾರೋ ಒಬ್ಬನು ಒಂದು ಬೆಳಿಗ್ಗೆ ಎದ್ದು ಮಾಡಿದ ಕೆಲಸದಂತೆ ಕೇಳಿಸುತ್ತದೆ. ಹಾಗೆ ಮಾಡಿದವನು ಗಂಡಸೆಂದೂ ವ್ಯಾಕರಣವೇ ತೀರ್ಮಾನಿಸಿಬಿಡುತ್ತದೆ. ಈ ಎರಡೂ ಊಹೆಗಳು ಮಣ್ಣಿನೊಳಗಿನ ಸಾಕ್ಷ್ಯದ ಮುಂದೆ ನಿಲ್ಲುವುದಿಲ್ಲ. ಅದನ್ನೇ ಇಲ್ಲಿ ಸಾಧ್ಯವಾದಷ್ಟು ಸರಳವಾಗಿ ವಿವರಿಸಲು ಯತ್ನಿಸುತ್ತೇನೆ.

‘ನವಶಿಲಾಯುಗದ ಕ್ರಾಂತಿ’ ಎಂಬ ಮಾತನ್ನು ಚಲಾವಣೆಗೆ ತಂದವರು ಆಸ್ಟ್ರೇಲಿಯಾ ಮೂಲದ ಪ್ರಾಕ್ತನಶಾಸ್ತ್ರಜ್ಞ ಗಾರ್ಡನ್ ಚೈಲ್ಡ್. 1936ರಲ್ಲಿ ಪ್ರಕಟವಾದ ‘ಮ್ಯಾನ್ ಮೇಕ್ಸ್ ಹಿಮ್‌ಸೆಲ್ಫ್’ ಎಂಬ ಗ್ರಂಥದಲ್ಲಿ ಅವರು, ಕೈಗಾರಿಕಾ ಕ್ರಾಂತಿ ಆಧುನಿಕ ಜಗತ್ತನ್ನು ಬದಲಿಸಿದಂತೆಯೇ ಬೇಸಾಯವು ಪ್ರಾಚೀನ ಜಗತ್ತನ್ನು ಬದಲಿಸಿತೆಂದು ವಾದಿಸಿದರು. ಪರಿಣಾಮದ ದೃಷ್ಟಿಯಿಂದ ಆ ಮಾತು ಇಂದಿಗೂ ಸರಿ. ಆದರೆ ವೇಗದ ದೃಷ್ಟಿಯಿಂದ ‘ಕ್ರಾಂತಿ’ ಎಂಬ ಪದ ನಮ್ಮನ್ನು ದಾರಿ ತಪ್ಪಿಸುತ್ತದೆ.

ಮೊದಲು ಸ್ಥಳವನ್ನು ನೋಡೋಣ. ಇಂದಿನ ಇಸ್ರೇಲ್, ಪ್ಯಾಲೆಸ್ಟೈನ್, ಜೋರ್ಡಾನ್, ಸಿರಿಯಾಗಳಿಂದ ಹೊರಟು, ಟರ್ಕಿಯ ಆಗ್ನೇಯ ಭಾಗವನ್ನು ಬಳಸಿ, ಇರಾಕ್ ಮತ್ತು ಇರಾನಿನ ಜಾಗ್ರೋಸ್ ಬೆಟ್ಟಸಾಲಿನವರೆಗೆ ಬಾಗಿರುವ ಭೂಭಾಗವನ್ನು ‘ಫಲವತ್ತಾದ ಅರ್ಧಚಂದ್ರ’ ಎಂದು ನೀವು ಓದಿದ್ದೀರಿ. ಅಲ್ಲಿಯ ಬೆಟ್ಟದ ಇಳಿಜಾರುಗಳಲ್ಲಿ ಕಾಡುಗೋಧಿ, ಕಾಡುಬಾರ್ಲಿ, ಬಟಾಣಿ, ಮಸೂರಗಳು ತಾವಾಗಿಯೇ ಬೆಳೆಯುತ್ತಿದ್ದವು; ಕಾಡುಮೇಕೆ, ಕಾಡುಕುರಿಗಳು ಅದೇ ಬೆಟ್ಟಗಳಲ್ಲಿ ಮೇಯುತ್ತಿದ್ದವು. ಜನರು ಇವನ್ನು ಬೇಸಾಯಕ್ಕೆ ಬಹಳ ಮುಂಚೆಯೇ ಬಲ್ಲರು. ಗಲಿಲೀ ಸರೋವರದ ದಡದಲ್ಲಿ ನೀರಿನಡಿ ಮುಳುಗಿ ಉಳಿದಿದ್ದ ಓಹಾಲೋ ಎಂಬಲ್ಲಿ, ಸುಮಾರು 23,000 ವರ್ಷಗಳ ಹಿಂದೆಯೇ ಜನರು ಕಾಡುಧಾನ್ಯಗಳನ್ನು ಕೂಡಿಟ್ಟಿದ್ದುದಕ್ಕೆ ಸಾಕ್ಷ್ಯ ದೊರೆತಿದೆ. ಅಂದರೆ ಧಾನ್ಯದ ಪರಿಚಯವಾದ ಮೇಲೂ ಹತ್ತು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಯಾರೂ ರೈತರಾಗಲಿಲ್ಲ.

ಏಕೆ ಆಗಬೇಕಿತ್ತು? 1966ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಜ್ಯಾಕ್ ಹಾರ್ಲನ್ ಟರ್ಕಿಯ ಬೆಟ್ಟಗಳಲ್ಲಿ ಒಂದು ಸರಳವಾದ ಪ್ರಯೋಗ ಮಾಡಿದರು. ಹಿಂದಿನವರಂತೆ ಚಕಮಕಿ ಕಲ್ಲಿನ ಅಲಗಿನ ಕುಡುಗೋಲನ್ನು ಹಿಡಿದು ಕಾಡುಗೋಧಿಯನ್ನು ಕೊಯ್ದರು. ಒಂದು ಗಂಟೆಯಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಶುದ್ಧ ಕಾಳು ದೊರೆಯಿತು. ಒಂದು ಕುಟುಂಬ ಮೂರು ವಾರ ದುಡಿದರೆ ವರ್ಷಕ್ಕೆ ಸಾಕಾಗಿ ಮಿಗುವಷ್ಟು ಧಾನ್ಯ ಸಿಗುತ್ತದೆಂದು ಅವರು ಲೆಕ್ಕ ಹಾಕಿದರು. ಉಳದೆ, ಬಿತ್ತದೆ, ಕಳೆ ಕೀಳದೆ! ಇಂಥ ಜನ ನೆಲ ಅಗೆಯಲು ಆತುರಪಡುವುದೆಂತು?

ಆದುದರಿಂದ ಪಠ್ಯಪುಸ್ತಕದ ವಾಕ್ಯಗಳ ಕ್ರಮವನ್ನೂ ಬದಲಿಸಬೇಕಾಗುತ್ತದೆ. ಮೊದಲು ಬೇಸಾಯ, ಆಮೇಲೆ ಊರು ಎಂಬುದು ನಾವು ಕಲಿತ ಕ್ರಮ. ಪಶ್ಚಿಮ ಏಷ್ಯಾದಲ್ಲಿ ಊರುಗಳೇ ಮೊದಲು ಹುಟ್ಟಿದವು. ಸಿರಿಯಾದ ಯೂಫ್ರೆಟಿಸ್ ದಂಡೆಯ ಅಬು ಹುರೇರಾದಲ್ಲಿ ಸುಮಾರು 13,000 ವರ್ಷಗಳ ಹಿಂದೆ ನೆಲೆಸಿದವರು ಬೇಟೆ ಮತ್ತು ಸಂಗ್ರಹಣೆಯಿಂದಲೇ ಬದುಕುತ್ತಿದ್ದರು. ಟರ್ಕಿಯ ಗೋಬೆಕ್ಲಿ ತೆಪೆಯಲ್ಲಿ 1995ರಿಂದ ಕ್ಲೌಸ್ ಶ್ಮಿಟ್ ಅವರು ಉತ್ಖನನ ನಡೆಸಿದಾಗ, ಐದು ಮೀಟರಿಗೂ ಎತ್ತರದ, ನರಿ ಹಾವು ಚೇಳುಗಳನ್ನು ಕೆತ್ತಿದ ಶಿಲಾಸ್ತಂಭಗಳು ಹೊರಬಂದವು. ಕ್ರಿ.ಪೂ. 9500ರ ಸುಮಾರಿಗೆ ಅವನ್ನು ನಿಲ್ಲಿಸತೊಡಗಿದವರಿಗೆ ಪಳಗಿದ ಧಾನ್ಯವಾಗಲಿ ಪಳಗಿದ ಪಶುವಾಗಲಿ ಇರಲಿಲ್ಲ. ಕೂಡಿ ಬಾಳುವುದನ್ನು, ಕೂಡಿ ಕಟ್ಟುವುದನ್ನು ಜನರು ಉಳುವುದಕ್ಕಿಂತ ಮುಂಚೆ ಕಲಿತಿದ್ದರು.

ಹಾಗಾದರೆ ಕಾಡುಗೋಧಿ ಊರಗೋಧಿಯಾದುದು ಹೇಗೆ? ಈ ರಹಸ್ಯ ತೆನೆಯ ಒಂದು ಸಣ್ಣ ಗಿಣ್ಣಿನಲ್ಲಿದೆ. ಕಾಡುಗೋಧಿಯ ತೆನೆ ಬಲಿತೊಡನೆ ಗಿಣ್ಣು ಮುರಿದು ಕಾಳು ತಾನಾಗಿ ಉದುರುತ್ತದೆ. ಹುಲ್ಲಿಗೆ ಅದೇ ಹಿತ, ಬೀಜ ಹರಡಬೇಕಷ್ಟೆ. ಆದರೆ ಎಲ್ಲೋ ಒಂದೊಂದು ಗಿಡದಲ್ಲಿ ಜನ್ಮದೋಷದಿಂದ ಗಿಣ್ಣು ಮುರಿಯದೆ ಕಾಳು ತೆನೆಯಲ್ಲೇ ನಿಲ್ಲುತ್ತದೆ. ಕಾಡಿನಲ್ಲಿ ಅಂಥ ಗಿಡಕ್ಕೆ ಸಂತಾನವಿಲ್ಲ. ಕುಡುಗೋಲು ಹಿಡಿದು ಕೊಯ್ಯುವವರ ಕೈಗಾದರೋ ಉದುರದ ತೆನೆಯೇ ಹೆಚ್ಚಾಗಿ ಸಿಗುತ್ತದೆ. ಅದರಲ್ಲಿ ಒಂದು ಪಾಲನ್ನು ಮರುವರ್ಷ ಬಿತ್ತಿದರೆ, ಆ ದೋಷವೇ ಗುಣವಾಗಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಕೊನೆಗೆ ಮನುಷ್ಯನ ಕೈಯಿಲ್ಲದೆ ಬದುಕಲಾರದ ಗಿಡ, ಆ ಗಿಡವಿಲ್ಲದೆ ಬದುಕಲಾರದ ಮನುಷ್ಯ, ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಕಟ್ಟುಬೀಳುತ್ತಾರೆ.

ಇದು ಎಷ್ಟು ನಿಧಾನವೆಂಬುದನ್ನು ಸುಟ್ಟ ಕಾಳುಗಳೇ ಹೇಳುತ್ತವೆ. ಉತ್ಖನನದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಇದ್ದಿಲಾಗಿರುವ ಬೀಜಗಳು ತೇಲಿ ಬರುತ್ತವೆ. ನಮ್ಮ ತಾಯಂದಿರು ಕಾಳನ್ನು ಜಾಲಿಸಿ ಹೊಟ್ಟನ್ನು ತೇಲಿಸಿದಂತೆ. ಸೂಕ್ಷ್ಮದರ್ಶಕದಡಿ ನೋಡಿದರೆ, ತಾನಾಗಿ ಉದುರಿದ ಕಾಳಿನ ಬುಡದ ಗಾಯ ನುಣುಪಾಗಿರುತ್ತದೆ. ಬಡಿದು ಬಿಡಿಸಿದ ಕಾಳಿನದು ಒರಟಾಗಿರುತ್ತದೆ. ಈ ಎರಡರ ಪ್ರಮಾಣವನ್ನು ಎಣಿಸುವುದೇ ವಿಧಾನ. ಚೀನಾದ ಟಿಯಾನ್‌ಲುವೊಶಾನ್ ಎಂಬಲ್ಲಿ ದೊರೆತ ಭತ್ತವನ್ನು ಹೀಗೆ ಎಣಿಸಿದಾಗ, ಸುಮಾರು 6,900 ವರ್ಷಗಳ ಹಿಂದೆ ಉದುರದ ಭತ್ತದ ಪ್ರಮಾಣ ಶೇಕಡ 27 ಇದ್ದುದು, ಮುನ್ನೂರು ವರ್ಷಗಳ ನಂತರ ಶೇಕಡ 39ಕ್ಕೆ ಏರಿತ್ತೆಂದು 2009ರಲ್ಲಿ ಪ್ರಕಟವಾಯಿತು. ಹನ್ನೆರಡು ತಲೆಮಾರುಗಳಿಗೆ ಹನ್ನೆರಡು ಶೇಕಡ! ಒಂದು ತಲೆಮಾರಿನವರಿಗೂ ತಾವು ಇತಿಹಾಸ ಸೃಷ್ಟಿಸುತ್ತಿದ್ದೇವೆಂದು ತಿಳಿದಿರಲು ಸಾಧ್ಯವಿಲ್ಲ. ಪ್ರತಿಯೊಬ್ಬರೂ ಮಾಡಿದ್ದು ಮುಂದಿನ ವರ್ಷಕ್ಕೆಂದು ಒಂದು ಹಿಡಿ ಬೀಜವನ್ನು ಎತ್ತಿಟ್ಟದ್ದು, ಅಷ್ಟೇ.

ಈ ಬದಲಾವಣೆಗೆ ತೆತ್ತ ಬೆಲೆಯ ಮಾತು ನಮ್ಮ ಪಠ್ಯದಲ್ಲಿ ಇರಲೇ ಇಲ್ಲ. ಅಬು ಹುರೇರಾವನ್ನು 1972 ಮತ್ತು 1973ರಲ್ಲಿ ಆಂಡ್ರೂ ಮೂರ್ ಅವರ ತಂಡ ಅವಸರ ಅವಸರವಾಗಿ ಅಗೆಯಿತು, ಏಕೆಂದರೆ ಯೂಫ್ರೆಟಿಸ್ ನದಿಗೆ ಕಟ್ಟುತ್ತಿದ್ದ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ದಿಬ್ಬ ಮುಳುಗಲಿತ್ತು. ಇಂದು ಅದು ಅಸಾದ್ ಸರೋವರದ ತಳದಲ್ಲಿದೆ. ಅಲ್ಲಿ ದೊರೆತ ಎಲುಬುಗಳನ್ನು ಥೇಯಾ ಮೊಲ್ಲೆಸನ್ ಎಂಬ ವಿದುಷಿ ವರ್ಷಗಟ್ಟಲೆ ಪರೀಕ್ಷಿಸಿದರು. ಕಾಲಿನ ಹೆಬ್ಬೆರಳ ಕೀಲು ಸವೆದು ವಿಕಾರಗೊಂಡಿತ್ತು. ಬೆನ್ನಿನ ಕೆಳಗಿನ ಮೂಳೆಗಳು ಜಜ್ಜಿದ್ದವು. ಮೊಣಕಾಲಿನಲ್ಲಿ ಒತ್ತಡದ ಗುರುತುಗಳಿದ್ದವು. ನೆಲಕ್ಕೆ ಮೊಣಕಾಲೂರಿ, ಕಾಲ್ಬೆರಳುಗಳನ್ನು ಹಿಂದಕ್ಕೆ ಮಡಚಿ, ಮುಂದಕ್ಕೂ ಹಿಂದಕ್ಕೂ ತೂಗುತ್ತಾ ದಿನವೂ ಗಂಟೆಗಟ್ಟಲೆ ಕಲ್ಲಿನ ಮೇಲೆ ಕಾಳು ಅರೆಯುವವರಿಗೆ ಮಾತ್ರ ಬರುವ ನೋವು ಅದು. ಆ ಎಲುಬುಗಳು ಹೆಚ್ಚಾಗಿ ಹೆಂಗಸರವು.

‘ಮಾನವನು ಬೇಸಾಯ ಕಲಿತನು’ ಎಂಬ ವಾಕ್ಯದ ಕರ್ತೃಪದದ ಹಿಂದೆ ಯಾರು ಅಡಗಿದ್ದಾರೆಂಬುದು ಈಗ ತಿಳಿಯಿತಲ್ಲವೇ? ಬೀಸುವ ಕಲ್ಲಿನ ಮುಂದೆ ಕೋಳಿ ಕೂಗುವ ಹೊತ್ತಿಗೆ ಕೂರುತ್ತಿದ್ದ ನಮ್ಮ ಅಜ್ಜಿಯರ ಬೆನ್ನುನೋವಿಗೆ ಹತ್ತು ಸಾವಿರ ವರ್ಷಗಳ ವಂಶಾವಳಿ ಇದೆ. ಮಿಲ್ಲು ಬಂದು ಆ ಕೆಲಸ ನಿಂತದ್ದು ನಮ್ಮ ಕಣ್ಣೆದುರಿನ ಕಾಲದಲ್ಲಿ. ಯಾವ ಪಠ್ಯದಲ್ಲೂ ಕ್ರಾಂತಿಯೆಂದು ಹೆಸರಿಸದಿದ್ದರೂ ಅದೂ ಒಂದು ಕ್ರಾಂತಿಯೇ ಎಂದು ನನ್ನ ಭಾವನೆ.

ಬೆಲೆ ಅಷ್ಟಕ್ಕೇ ನಿಲ್ಲಲಿಲ್ಲ. ಒಂದೆರಡು ಧಾನ್ಯಗಳನ್ನೇ ನೆಚ್ಚಿದವರ ಹಲ್ಲುಗಳು ಹುಳುಕಾದವು. ಟರ್ಕಿಯ ಚಾತಲ್‌ಹ್ಯೊಯುಕ್‌ನಲ್ಲಿ ಕ್ರಿ.ಪೂ. 7100ರ ಸುಮಾರಿಗೆ ಆರಂಭವಾದ ದೊಡ್ಡ ಊರಿನಲ್ಲಿ ಮನೆಗೆ ಮನೆ ಅಂಟಿಕೊಂಡು ಬೀದಿಯೇ ಇರಲಿಲ್ಲ. ಮಾಳಿಗೆಯ ಕಿಂಡಿಯಿಂದ ಏಣಿಯಲ್ಲಿ ಒಳಗಿಳಿಯಬೇಕಿತ್ತು. ಸತ್ತವರನ್ನು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಹಾಗೆ ಇಡುಕಿರಿದು ಬಾಳಿದವರ ಎಲುಬುಗಳಲ್ಲಿ ಸೋಂಕಿನ ಗುರುತುಗಳು ಕಂಡುಬಂದಿವೆ. ಇದನ್ನೆಲ್ಲ ನೋಡಿ, ಬೇಸಾಯವೇ ಮಾನವಕುಲದ ಅತಿ ದೊಡ್ಡ ತಪ್ಪೆಂದು ಜಾರೆಡ್ ಡೈಮಂಡ್ 1987ರ ಲೇಖನವೊಂದರಲ್ಲಿ ವಾದಿಸಿದರು.

ಆ ತೀರ್ಮಾನವನ್ನು ನಾನು ಒಪ್ಪಲಾರೆ. ತಪ್ಪು ಎನ್ನಬೇಕಾದರೆ ಆಯ್ಕೆಯೊಂದು ಎದುರಿಗಿರಬೇಕು. ಅಲೆಮಾರಿ ತಾಯಿ ಎತ್ತಿಕೊಂಡು ನಡೆಯಬಹುದಾದುದು ಒಂದೇ ಕೂಸನ್ನು. ಹಾಗಾಗಿ ಒಂದು ಮಗುವಿಗೂ ಇನ್ನೊಂದಕ್ಕೂ ನಡುವೆ ಹೆಚ್ಚು ಅಂತರವಿರುತ್ತಿತ್ತು. ಊರಿನಲ್ಲಿ ನೆಲೆನಿಂತ ತಾಯಿಗೆ ಆ ಕಟ್ಟಿಲ್ಲ. ಎದೆಹಾಲು ಬಿಡಿಸಲು ಗಂಜಿಯೂ ಒದಗಿತು. ಮಕ್ಕಳು ಹೆಚ್ಚಿದರು. ಹತ್ತು ಜನರಿದ್ದಲ್ಲಿ ನಲವತ್ತು ಜನರಾದ ಮೇಲೆ ಬೇಟೆಗೆ ಹಿಂದಿರುಗುವ ದಾರಿ ತಾನೇ ಮುಚ್ಚಿಹೋಯಿತು. ಹೊಲವು ಕೆಲವರಿಗೆ ಸುಖ ತಂದಿರಲಿ ಬಿಡಲಿ, ಹುಟ್ಟಿದ ಮಕ್ಕಳಿಗೆ ತುತ್ತು ಕೊಟ್ಟಿತು. ಆ ಮಕ್ಕಳ ಸಂತಾನವೇ ಜಗತ್ತಿನ ಬಹುಪಾಲು ಜನ.

ಇನ್ನು ಬೇಸಾಯ ಹರಡಿದ ಬಗೆ. ವಿದ್ವಾಂಸರು ನೂರು ವರ್ಷಗಳಿಂದ ಚರ್ಚಿಸುತ್ತಿರುವ ಪ್ರಶ್ನೆ ಇದು: ನಡೆದುಹೋದವರು ರೈತರೋ, ಅಥವಾ ರೈತರು ಇದ್ದಲ್ಲೇ ಇದ್ದು ಬೀಜವೂ ವಿದ್ಯೆಯೂ ಕೈಯಿಂದ ಕೈಗೆ ಸಾಗಿದವೋ? ಉತ್ತರ ದಿಕ್ಕಿನಿಂದ ದಿಕ್ಕಿಗೆ ಬೇರೆಯಾಗಿದೆ ಎಂಬುದೇ ಇತ್ತೀಚಿನ ಸಂಶೋಧನೆಯ ಸ್ವಾರಸ್ಯ.

ಪಶ್ಚಿಮ ದಿಕ್ಕಿನಲ್ಲಿ ಜನರೇ ನಡೆದರು. ಕ್ರಿ.ಪೂ. 8500ರ ಸುಮಾರಿಗೆ ದೋಣಿಗಳಲ್ಲಿ ಬೀಜ, ಪಶುಗಳನ್ನು ಹೇರಿಕೊಂಡು ಸೈಪ್ರಸ್ ದ್ವೀಪಕ್ಕೆ ದಾಟಿದವರಿದ್ದರು. ಆ ದ್ವೀಪದಲ್ಲಿ ಕ್ರಿ.ಪೂ. 7500ರ ಸುಮಾರಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ. ಕಣಜ ಬಂದಲ್ಲಿ ಇಲಿ, ಇಲಿ ಬಂದಲ್ಲಿ ಬೆಕ್ಕು. ನಮ್ಮ ಅಡುಗೆಮನೆಯ ಬೆಕ್ಕೂ ನವಶಿಲಾಯುಗದ ಕೊಡುಗೆಯೇ! ಅಲ್ಲಿಂದ ಮುಂದೆ ಕ್ರಿ.ಪೂ. 6500ರ ಸುಮಾರಿಗೆ ಗ್ರೀಸ್, 5500ರ ಸುಮಾರಿಗೆ ಡ್ಯಾನ್ಯೂಬ್ ಕಣಿವೆ ಹಾಗೂ ಜರ್ಮನಿಯ ಮೆಕ್ಕಲು ನೆಲ, 4000ದ ಸುಮಾರಿಗೆ ಬ್ರಿಟನ್, ಹೀಗೆ ಹೊಲಗಳು ಹಬ್ಬಿದವು. ಅಮ್ಮರ್‌ಮನ್ ಮತ್ತು ಕವಾಲ್ಲಿ-ಸ್ಫೋರ್ಜಾ ಎಂಬ ವಿದ್ವಾಂಸರು 1971ರಲ್ಲಿ ಲೆಕ್ಕ ಹಾಕಿ, ಸರಾಸರಿ ವೇಗ ವರ್ಷಕ್ಕೆ ಸುಮಾರು ಒಂದು ಕಿಲೋಮೀಟರ್ ಎಂದರು. ಒಂದು ತಲೆಮಾರಿಗೆ ಇಪ್ಪತ್ತೈದು ಕಿಲೋಮೀಟರ್. ಅಪ್ಪನ ಹೊಲದಿಂದ ಒಂದು ದಿನದ ನಡಿಗೆಯಾಚೆ ಮಗ ಹೊಸ ಹೊಲ ಮಾಡಿಕೊಂಡರೆ ಇಷ್ಟು ದೂರವಾಗುತ್ತದೆ, ದಂಡಯಾತ್ರೆಯ ಅಗತ್ಯವಿಲ್ಲ. ಇದು ಸರಾಸರಿ ಮಾತ್ರ. ಕೆಲವೆಡೆ ಸರಸರನೆ ಹರಡಿ, ಉತ್ತರ ಯೂರೋಪಿನ ಬಯಲಿನಂಥ ಕಡೆ ಸಾವಿರ ವರ್ಷ ನಿಂತುಬಿಟ್ಟದ್ದೂ ಉಂಟು.

ಹಳೆಯ ಎಲುಬುಗಳಿಂದ ಡಿಎನ್‌ಎ ತೆಗೆದು ಓದುವ ವಿದ್ಯೆ ಬಂದ ಮೇಲೆ, 2015ರ ಆಸುಪಾಸಿನಲ್ಲಿ, ಈ ಊಹೆಗೆ ಬಲವಾದ ಆಧಾರ ಸಿಕ್ಕಿತು. ಯೂರೋಪಿನ ಮೊದಲ ರೈತರು ಹೆಚ್ಚಿನ ಪಾಲು ಇಂದಿನ ಟರ್ಕಿಯ ರೈತರ ಸಂತತಿ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, ಕ್ರಿ.ಪೂ. 3300ರ ಸುಮಾರಿನ ‘ಹಿಮಮಾನವ’ ಓಟ್ಜಿಯ ವಂಶವಾಹಿಯಲ್ಲೂ ಬಹುಪಾಲು ಆ ರೈತರದೇ ಎಂದು 2023ರ ಅಧ್ಯಯನ ತೋರಿಸಿತು. ಅಲ್ಲಿದ್ದ ಬೇಟೆಗಾರರು ಪೂರ್ಣವಾಗಿ ಅಳಿಯಲಿಲ್ಲ. ಕೆಲವು ಶತಮಾನಗಳ ನಂತರ ಅವರ ವಂಶದ ಪಾಲು ರೈತರ ರಕ್ತದಲ್ಲಿ ಮತ್ತೆ ಹೆಚ್ಚುವುದನ್ನು ಕಾಣುತ್ತೇವೆ.

ಪೂರ್ವಕ್ಕೆ ತಿರುಗಿದರೆ ಕಥೆ ಬೇರೆ. ಜಾಗ್ರೋಸ್ ಬೆಟ್ಟದ ಗಂಜ್ ದರೆಹ್ ಎಂಬಲ್ಲಿ ಕ್ರಿ.ಪೂ. 8000ದ ಸುಮಾರಿಗೇ ಮೇಕೆಗಳನ್ನು ಸಾಕುತ್ತಿದ್ದರು. ಅಲ್ಲಿಯ ಜನರ ಡಿಎನ್‌ಎಯನ್ನು 2016ರಲ್ಲಿ ಓದಿದಾಗ, ಅವರು ಟರ್ಕಿಯ ರೈತರಿಗಿಂತ ತೀರ ಭಿನ್ನವಾದ ಜನವೆಂದು ತಿಳಿಯಿತು. ಒಂದೇ ಅರ್ಧಚಂದ್ರದ ಎರಡು ತುದಿಗಳಲ್ಲಿ ಎರಡು ಬೇರೆ ಜನಾಂಗಗಳು, ಒಬ್ಬರಿಂದೊಬ್ಬರು ಬೀಜವನ್ನೂ ಬುದ್ಧಿಯನ್ನೂ ಪಡೆದು, ತಮ್ಮ ತಮ್ಮ ನೆಲದಲ್ಲೇ ರೈತರಾಗಿದ್ದರು.

ಅಲ್ಲಿಂದ ಇನ್ನೂ ಪೂರ್ವಕ್ಕೆ ಬಲೂಚಿಸ್ತಾನದ ಬೋಲಾನ್ ಕಣಿವೆಯ ಬಾಯಲ್ಲಿ ಮೆಹರ್‌ಗಢವಿದೆ. 1974ರಿಂದ ಫ್ರಾನ್ಸಿನ ಜ್ಯಾರೀಜ್ ದಂಪತಿಗಳ ತಂಡ ಅಲ್ಲಿ ಉತ್ಖನನ ನಡೆಸಿ, ಮಣ್ಣಿಟ್ಟಿಗೆಯ ಮನೆಗಳನ್ನೂ, ಬಾರ್ಲಿ ಗೋಧಿಗಳನ್ನೂ, ಸಮಾಧಿಗಳನ್ನೂ ಹೊರತೆಗೆಯಿತು. ಅಲ್ಲಿನವರು ಚಕಮಕಿ ಕಲ್ಲಿನ ಮೊನೆಯಿಂದ ಜೀವಂತ ಮನುಷ್ಯರ ದವಡೆಹಲ್ಲು ಕೊರೆದಿದ್ದರೆಂದು 2006ರಲ್ಲಿ ಪ್ರಕಟವಾದುದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಈ ಊರಿನ ಆರಂಭವನ್ನು ಕ್ರಿ.ಪೂ. 7000ಕ್ಕೋ ಅದಕ್ಕೂ ಹಿಂದಕ್ಕೋ ಒಯ್ಯುವುದು ವಾಡಿಕೆಯಾಗಿತ್ತು. ಆದರೆ ಅಲ್ಲಿ ಹೂಳಲ್ಪಟ್ಟವರ ಹಲ್ಲಿನ ಎನಾಮೆಲ್‌ಗೆ ನೇರವಾಗಿ ಕಾಲನಿರ್ಣಯ ಮಾಡಿದ ಅಧ್ಯಯನ 2025ರಲ್ಲಿ ಹೊರಬಂದು, ಆರಂಭ ಕ್ರಿ.ಪೂ. 5200ಕ್ಕಿಂತ ಬಹಳ ಹಿಂದೆ ಹೋಗದೆಂದು ಸೂಚಿಸಿದೆ. ಹಿರಿಮೆಯ ಲೆಕ್ಕದಲ್ಲಿ ಎರಡು ಸಾವಿರ ವರ್ಷ ಕಳೆದುಕೊಂಡೆವೆಂದು ಕೊರಗುವವರಿದ್ದಾರೆ. ಇತಿಹಾಸದ ವಿದ್ಯಾರ್ಥಿ ಕೊರಗಬೇಕಾದುದಿಲ್ಲ. ವರ್ಷ ಬದಲಾದರೂ, ಗೂಳಿಯ ಭುಜ ಎತ್ತರವಿರುವ ನಮ್ಮ ನಾಡಿನ ಗೋವನ್ನು ಪಳಗಿಸಿದ್ದು ಸಿಂಧೂ ಕಣಿವೆಯ ಈ ಸುತ್ತಿನ ಜನವೇ ಎಂಬ ಮಾತು ಬದಲಾಗುವುದಿಲ್ಲ.

ಇಲ್ಲಿಂದ ಗೋಧಿಯೂ ಬಾರ್ಲಿಯೂ ದಕ್ಷಿಣಕ್ಕೆ ನಡೆದು ನಮ್ಮ ಹೊಲಗಳನ್ನು ತುಂಬಬೇಕಿತ್ತಲ್ಲವೇ? ತುಂಬಲಿಲ್ಲ. ಕಾರಣ ಆಕಾಶದಲ್ಲಿದೆ. ಗೋಧಿ, ಬಾರ್ಲಿ, ಮಸೂರಗಳು ಚಳಿಗಾಲದ ಮಳೆಗೆ ಹುಟ್ಟಿದ ಬೆಳೆಗಳು. ಗ್ರೀಸಿನಿಂದ ಬಲೂಚಿಸ್ತಾನದವರೆಗೆ ಮಳೆ ಬೀಳುವುದು ಚಳಿಗಾಲದಲ್ಲೇ ಹೆಚ್ಚು. ಆದುದರಿಂದ ಆ ಉದ್ದದ ಹಾದಿಯಲ್ಲಿ ಬೀಜಕ್ಕೆ ಅಡ್ಡಿಯಾಗಲಿಲ್ಲ. ದಖ್ಖನ್ನಿನಲ್ಲಿ ಮಳೆ ಬರುವುದು ಮುಂಗಾರಿನಲ್ಲಿ. ಮುಂಗಾರಿನ ನೆಲಕ್ಕೆ ಮುಂಗಾರಿನ ಬೀಜವೇ ಬೇಕು. ಆ ಬೀಜವನ್ನು ಇಲ್ಲಿನ ಜನ ಹೊರಗಿನಿಂದ ತರಲಿಲ್ಲ. ತಮ್ಮ ಸುತ್ತಲ ಕುರುಚಲು ಕಾಡಿನ ಹುಲ್ಲು ಬಳ್ಳಿಗಳಲ್ಲೇ ಆರಿಸಿಕೊಂಡರು.

ಬಳ್ಳಾರಿಯ ಸಂಗನಕಲ್ಲು, ಹಾವೇರಿಯ ಹಳ್ಳೂರು ಮುಂತಾದ ನೆಲೆಗಳ ಮಣ್ಣನ್ನು ಜಾಲಿಸಿ, ತೇಲಿಬಂದ ಬೀಜಗಳನ್ನು ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದ ವಿದ್ವಾಂಸರು ಗುರುತಿಸಿದರು. ಮತ್ತೆ ಮತ್ತೆ ಕಂಡದ್ದು ನಾಲ್ಕು: ಕೊರಲೆ, ನವಣೆಯ ಬಳಗಕ್ಕೆ ಸೇರಿದ ಒಂದು ಹುಲ್ಲಿನ ಧಾನ್ಯ, ಹೆಸರು ಮತ್ತು ಹುರುಳಿ. ಗೋಧಿ ಬಾರ್ಲಿಗಳು ಕ್ರಿ.ಪೂ. 1900ರ ಸುಮಾರಿನಿಂದ ಅಲ್ಲಲ್ಲಿ ತುಸುವೇ ಕಾಣುತ್ತವೆ, ಹಬ್ಬದೂಟದ ಭಕ್ಷ್ಯದಂತೆ. ದಿನದ ಊಟ ಕೊರಲೆಯದು, ಹುರುಳಿಯದು. ಹುರುಳಿಕಟ್ಟಿನ ಸಾರು ಸವಿದವರೆಲ್ಲರೂ ನಾಲ್ಕು ಸಾವಿರ ವರ್ಷಗಳ ಒಂದು ಪಂಕ್ತಿಯ ಕೊನೆಯಲ್ಲಿ ಕುಳಿತವರೆಂದು ಹೇಳಿದರೆ ಅತಿಶಯೋಕ್ತಿಯಾಗದು. ಕೊರಲೆಯಂತೂ ಇಂದಿಗೂ ತುಮಕೂರು, ಚಿತ್ರದುರ್ಗದ ಒಣನೆಲಗಳಲ್ಲಿ ಉಳಿದಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ನಗರದ ಅಂಗಡಿಗಳಲ್ಲೂ ಅದರ ಪೊಟ್ಟಣ ಕಾಣಿಸಿಕೊಂಡಿತು.

ಬೀಜ ಇಲ್ಲಿನದಾದರೆ, ದನ ಕುರಿ ಮೇಕೆಗಳು ವಾಯವ್ಯದಿಂದ ಬಂದವು. ಕ್ರಿ.ಪೂ. 3000ದ ಸುಮಾರಿನಿಂದ ಈ ನಾಡಿನಲ್ಲಿ ಗೋಪಾಲಕರ ಹಟ್ಟಿಗಳು ಕಾಣುತ್ತವೆ. ಅವರ ಗುರುತೇ ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯ ಬೂದಿದಿಬ್ಬಗಳು. ಹಂಪಿಯ ಬಳಿ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿಯೆಂದು ತೋರಿಸುತ್ತಾರೆ. ಇವು ಸಗಣಿಯ ಬೂದಿಯೆಂದು ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಊಹಿಸಿದ್ದರು. 1957ರಲ್ಲಿ ಆಲ್ಚಿನ್ ಅವರು ಇಂದಿನ ತೆಲಂಗಾಣದ ಉತ್ನೂರಿನಲ್ಲಿ ಅಗೆದಾಗ, ದೊಡ್ಡಿಯ ಬೇಲಿಗೂಟಗಳ ಗುಳಿಗಳೂ, ಬೂದಿಯ ಪದರದಲ್ಲಿ ಮೂಡಿದ್ದ ದನಗಳ ಗೊರಸಿನ ಗುರುತುಗಳೂ ಬಯಲಾದವು. ನೂರಾರು ದನ ಕೂಡಿಹಾಕಿದ ದೊಡ್ಡಿಯಲ್ಲಿ ಸಗಣಿ ಬೆಟ್ಟವಾಗಿ ಬೆಳೆದು, ಅದಕ್ಕೆ ಆಗಾಗ ಬೆಂಕಿಯಿಟ್ಟು, ಮತ್ತೆ ಅಲ್ಲೇ ದನ ಕಟ್ಟಿದ್ದರು. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಿಂದ, ದಿಬ್ಬದ ಪಕ್ಕದಲ್ಲೇ ವಾಸದ ನೆಲೆಯೂ, ಪ್ರಾಣಿಗಳನ್ನು ಕಡಿಯುತ್ತಿದ್ದ ಜಾಗವೂ, ಮಡಕೆಗಳಲ್ಲಿಟ್ಟು ಹೂಳಿದ ಎಳೆಯ ಮಕ್ಕಳ ಸಮಾಧಿಗಳೂ ಬೆಳಕಿಗೆ ಬಂದವು. ಆ ಚಿಕ್ಕ ಮಡಕೆಗಳ ವಿಷಯ ಓದಿದಾಗ ‘ನವಶಿಲಾಯುಗ’ ಎಂಬ ದೊಡ್ಡ ಶಬ್ದ ಸರಿದುಹೋಗಿ, ಒಬ್ಬ ತಾಯಿ ಮಾತ್ರ ಕಣ್ಣಮುಂದೆ ಉಳಿಯುತ್ತಾಳೆ.

ಆಮೇಲೆ ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಆಫ್ರಿಕಾದ ಬೆಳೆಗಳಾದ ಜೋಳ, ಸಜ್ಜೆಗಳು ಭಾರತಕ್ಕೆ ಬಂದವು. ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನಾಡೇ. ಮುದ್ದೆಯಿಲ್ಲದ ಹಳೇ ಮೈಸೂರನ್ನಾಗಲಿ ರೊಟ್ಟಿಯಿಲ್ಲದ ಉತ್ತರ ಕರ್ನಾಟಕವನ್ನಾಗಲಿ ಊಹಿಸಿಕೊಳ್ಳಬಲ್ಲಿರಾ? ಕಡಲಾಚೆಯಿಂದ ಬಂದ ಆ ಕಾಳುಗಳನ್ನು ಇಂದು ಯಾರೂ ಪರದೇಶಿ ಎನ್ನುವುದಿಲ್ಲ.

ಇಷ್ಟನ್ನೂ ಬರೆಯಲು ಒಂದು ಕಾರಣವಿದೆ. ಪ್ರಾಚೀನ ಕಾಲದ ಮಾತು ಬಂದರೆ ಎರಡು ಬಗೆಯ ಅಬ್ಬರ ಈಚೆಗೆ ಕಿವಿಗೆ ಬೀಳುತ್ತದೆ. ಎಲ್ಲವೂ ನಮ್ಮಲ್ಲೇ ಮೊದಲು ಹುಟ್ಟಿತೆಂಬುದು ಒಂದು. ನಮ್ಮದೆಂಬುದು ಏನೂ ಇಲ್ಲ, ಎಲ್ಲವೂ ಹೊರಗಿನಿಂದ ಬಂತೆಂಬುದು ಇನ್ನೊಂದು. ಬೀಜಗಳು ಈ ಎರಡನ್ನೂ ಸಮರ್ಥಿಸುವುದಿಲ್ಲ. ಪಶ್ಚಿಮ ಏಷ್ಯಾದಲ್ಲಿ ಗೋಧಿ, ಚೀನಾದಲ್ಲಿ ಭತ್ತ, ಮೆಕ್ಸಿಕೋದಲ್ಲಿ ಮೆಕ್ಕೆಜೋಳ, ನ್ಯೂಗಿನಿಯ ಕುಕ್ ಜೌಗಿನಲ್ಲಿ ಬಾಳೆ, ನಮ್ಮ ಒಣನೆಲದಲ್ಲಿ ಹುರುಳಿ; ಒಬ್ಬರನ್ನೊಬ್ಬರು ನೋಡದ ಜನ ಬೇರೆ ಬೇರೆ ಕಡೆ ಅದೇ ಪಾಠವನ್ನು ತಾವಾಗಿ ಕಲಿತರು. ಕಲಿತದ್ದನ್ನು ಬಚ್ಚಿಡಲೂ ಇಲ್ಲ. ಒಂದು ಊಟದ ತಟ್ಟೆಯಲ್ಲಿ ಮುದ್ದೆ ಆಫ್ರಿಕಾದ್ದು, ಹುರುಳಿ ಇಲ್ಲಿನದು, ಮಜ್ಜಿಗೆ ಕೊಟ್ಟ ಹಸು ಸಿಂಧೂ ಕಣಿವೆಯದು. ಅದನ್ನು ‘ನಮ್ಮೂರ ಊಟ’ ಎನ್ನಲು ನಮಗೆ ಸಂಪೂರ್ಣ ಹಕ್ಕಿದೆ. ನಾಲ್ಕು ಸಾವಿರ ವರ್ಷ ಈ ನೆಲದಲ್ಲಿ ಬೆವರು ಸುರಿಸಿ ಅದನ್ನು ನಮ್ಮದಾಗಿಸಿಕೊಂಡವರು ನಮ್ಮ ಹಿರಿಯರು.

ಕೊನೆಯದಾಗಿ ಒಂದು ವಿನಂತಿ. ಬೂದಿದಿಬ್ಬಗಳ ಮಣ್ಣನ್ನು ಗೊಬ್ಬರಕ್ಕೆಂದು ಗಾಡಿಗಟ್ಟಲೆ ಸಾಗಿಸಿ ಎಷ್ಟೋ ದಿಬ್ಬಗಳು ಈಗಾಗಲೇ ನೆಲಸಮವಾಗಿವೆ. ಕಲ್ಲುಗಣಿಗಾರಿಕೆ ಸಂಗನಕಲ್ಲಿನ ಬೆಟ್ಟಗಳನ್ನೂ ಬಿಟ್ಟಿಲ್ಲ. ಆ ಸೀಮೆಯಲ್ಲಿ ಹೊಲ ಮನೆ ಇರುವವರು, ಅಲ್ಲಿ ಕೆಲಸದಲ್ಲಿರುವವರು ನಿಮ್ಮಲ್ಲಿ ಇದ್ದೀರಿ. ಉಳುವಾಗ ನುಣುಪಾಗಿ ಉಜ್ಜಿದ ಕರಿಯ ಕಲ್ಲಿನ ಕೊಡಲಿ ಸಿಕ್ಕರೆ, ಅಥವಾ ಹಳ್ಳಿಯ ಅರಳಿಕಟ್ಟೆಯಲ್ಲಿ ದೇವರೆಂದು ಅರಿಶಿನ ಕುಂಕುಮ ಹಚ್ಚಿಟ್ಟ ಅಂಥ ಕಲ್ಲನ್ನು ಕಂಡರೆ, ಎಲ್ಲಿ ಸಿಕ್ಕಿತೆಂಬುದನ್ನು ಬರೆದಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ಸ್ಥಳದ ವಿವರವಿಲ್ಲದ ಕೊಡಲಿ ಬರಿಯ ಕಲ್ಲು; ವಿವರವಿದ್ದರೆ ಅದೊಂದು ಪುಟ. ಓದು ಬರಹವಿಲ್ಲದೆ ಬಾಳಿದ ಆ ಜನ ನಮಗಾಗಿ ಬಿಟ್ಟುಹೋದ ಪುಸ್ತಕ ಅದೊಂದೇ. ನಮ್ಮ ತಲೆಮಾರು ಅದನ್ನು ಹರಿದು ಹಾಕದಿರಲಿ.